ಅಪ್ಪನ ಡಿಸ್ಚಾರ್ಜ್ ಬುಕ್ಕಿನ್ಯಾಗ ಬರದಿರೂ ಆ ಪದ ತಗಸಾಕ ಬರ್ತೈತೇನ್ರಿ?

ಬೈಲಹೊಂಗಲದಾಕಿ

ಎಲ್ಲಾರಿಗೂ ನಮಸ್ಕಾರ್ರಿ. ಇಲ್ಲಿ ಮಿಲ್ಟ್ರಿಯಿಂದ ಬಂದವರು ಭಾಳ ಮಂದಿ ಅದಾರ ಅಂತ ಗೊತ್ತಾಗಿ ಬರ್ಯಾಕತ್ತೀನಿ. ಉದ್ದ ಆಗ್ತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮಪ್ಪ 1991ರ ಜನವರಿಯೊಳಗ ಭರ್ತಿ ಆದವರು. ಡ್ರೈವರ್. 2002ರ ಜೂನ್‌ದಾಗ ಮನಿಗೆ ಕಳಿಸಿದ್ರು. ಲೆಕ್ಕ ಹಾಕಿದ್ರ 11 ವರ್ಷ 5 ತಿಂಗಳ ನೌಕರಿ. ಪೆನ್ಷನ್ ಇಲ್ಲ, ಕ್ಯಾಂಟೀನ್ ಕಾರ್ಡ್ ಇಲ್ಲ, ಮಿಲ್ಟ್ರಿ ದವಾಖಾನಿ ಇಲ್ಲ. ಸಣ್ಣವರಿದ್ದಾಗ ‘ಯಾಕ ಬಂದಿಪಾ’ ಅಂತ ಕೇಳಿದ್ರ ‘ಸಾಕಾಗಿತ್ತು, ಬಂದೆ’ ಅಂತಿದ್ರು. ನಾವೂ ನಂಬಿದ್ವಿ. ಆಗಸ್ಟ್ 15ಕ್ಕ ಸಾಲ್ಯಾಗ ಮಾಜಿ ಸೈನಿಕರಿಗೆ ಶಾಲು ಹೊದಸ್ತಾರಲ್ಲ, ಆವತ್ತ ಅವ್ರು ಹೊಲಕ್ಕ ನೀರ ಹಾಯಿಸೂದೈತಿ ಅಂತ ನಸಕಿನ್ಯಾಗ ಎದ್ದು ಹೋಗ್ತಿದ್ರು. ಪ್ರತಿ ವರ್ಷ ಅದ ದಿನ ನೀರ ಹಾಯಿಸೂದು ಹೆಂಗ ಬರ್ತೈತಿ ಅಂತ ನಮಗ ಹೊಳೀಲೇ ಇಲ್ಲ.

ಈ ವರ್ಷ ತಮ್ಮನ ಸಿಇಟಿ. ಮಾಜಿ ಸೈನಿಕರ ಮಕ್ಕಳ ಕೋಟಾಕ್ಕ ಸರ್ಟಿಫಿಕೇಟ್ ಬೇಕಂತ ಟ್ರಂಕ್ ತಗದು ಡಿಸ್ಚಾರ್ಜ್ ಬುಕ್ ಹಿಡಕೊಂಡು ಹೋದ್ವಿ. ಅಪ್ಪ ಬ್ಯಾಡ ಬ್ಯಾಡ ಅಂತಿದ್ರು, ನಾನ ಜುಲ್ಮಿ ಮಾಡಿ ಕರಕೊಂಡ ಹೋದೆ. ಕೌಂಟರಿನ್ಯಾಗ ಕುಂತಾವ್ರು ಒಂದ ಪುಟ ನೋಡಿದ್ರು, ಮುಚ್ಚಿ ವಾಪಸ್ ಕೊಟ್ರು. ‘ಇದರ ಮ್ಯಾಲ ಆಗಂಗಿಲ್ಲಮ್ಮ’ ಅಂದ್ರು, ಅಷ್ಟ. ಹೊರಗ ಬಂದು ನಾನು ಓದಿದೆ. ಕಾರಣ ಅನ್ನೂ ಕಡೆ ಬರದೈತಿ: ‘ಅನ್‌ಡಿಸೈರಬಲ್ ಸೋಲ್ಜರ್’. ಅಂದ್ರ ಬ್ಯಾಡಾದ ಸಿಪಾಯಿ. ಆರ್ಮಿ ರೂಲ್ 13(3) ಅಂತ.

ಬಸ್ಸಿನ್ಯಾಗ ಅಪ್ಪ ಮಾತಾಡ್ಲಿಲ್ಲ. ಸ್ಟ್ಯಾಂಡ್ ಬಂದ ಮ್ಯಾಲ ಅಂದ್ರು: ‘ರೊಕ್ಕ ಬ್ಯಾಡವಾ. ಆ ಅಕ್ಷರ ಅಳಸಾಕ ಬರ್ತೈತೇನ ಕೇಳಿ ನೋಡು.’

ಅದನ್ನ ಕೇಳಾಕ ಬಂದೀನ್ರಿ. ಬರ್ತೈತೇನು?

ನಿವೃತ್ತ ಹೆಡ್‌ಕ್ಲರ್ಕ್

ನೋಡಮ್ಮ, ನಾನು 24 ವರ್ಷ ಯೂನಿಟ್ ಆಫೀಸಲ್ಲಿ ಕೂತು ಇಂಥ ಕಾಗದ ಟೈಪ್ ಮಾಡಿದವನು. ಹಾಗಾಗಿ ಮೊದಲು ಅರ್ಥ ಹೇಳ್ತೀನಿ, ಆಮೇಲೆ ದಾರಿ.

ಸೈನ್ಯದಿಂದ ಹೊರಗೆ ಬರೋದರಲ್ಲಿ ಎರಡು ಜಾತಿ. ಒಂದು ಡಿಸ್ಮಿಸಲ್, ಅಂದರೆ ವಜಾ. ಕೋರ್ಟ್ ಮಾರ್ಷಲ್ ಮಾಡಿಯೋ 1950ರ ಆರ್ಮಿ ಆಕ್ಟಿನ 20ನೇ ಸೆಕ್ಷನ್ನಿನಲ್ಲೋ ಮಾಡ್ತಾರೆ. ಇನ್ನೊಂದು ಡಿಸ್ಚಾರ್ಜ್, ಅಂದರೆ ಬಿಡುಗಡೆ. ಅದು 1954ರ ಆರ್ಮಿ ರೂಲ್ಸಿನ 13ನೇ ರೂಲು. ಅವಧಿ ಮುಗಿಸಿ ಹೂವಿನ ಹಾರ ಹಾಕಿಸಿಕೊಂಡು ಬರೋವನೂ ಇದೇ 13ರಲ್ಲಿ ಬರೋದು, ನಿಮ್ಮ ತಂದೆ ಬಂದದ್ದೂ ಅದೇ 13ರಲ್ಲಿ. ಒಳಗಿನ ಉಪನಿಯಮ ಬೇರೆ, ಅಷ್ಟೆ. ಅವರದ್ದು ‘ಸರ್ವಿಸ್ ನೋ ಲಾಂಗರ್ ರಿಕ್ವೈರ್ಡ್’, ಅಂದರೆ ಇನ್ನು ಸೇವೆ ಬೇಕಿಲ್ಲ ಅನ್ನೋ ಬಾಬತ್ತು. ಅವರು ವಜಾ ಆದವರಲ್ಲ. ಊರಲ್ಲಿ ಯಾರಾದರೂ ಹಾಗಂದರೆ ನೀನು ಧೈರ್ಯವಾಗಿ ಅಲ್ಲ ಅನ್ನಬಹುದು.

‘ಅನ್‌ಡಿಸೈರಬಲ್’ ಅಂತ ಬಂದಿದ್ದರೆ ನೂರಕ್ಕೆ ತೊಂಬತ್ತು ಪಾಲು ಅದು ರೆಡ್ ಇಂಕ್ ಎಂಟ್ರಿ ಕೇಸು. ಜವಾನ ತಪ್ಪು ಮಾಡಿದ ಅಂತ ಸಿಓ, ಅಂದರೆ ಯೂನಿಟ್ ಮುಖ್ಯಸ್ಥ ಸಾಹೇಬರ ಮುಂದೆ ಮಾರ್ಚ್ ಮಾಡಿಸ್ತಾರೆ, ಅವರು 28 ದಿನದವರೆಗೆ ಕೈದು ಕೊಡಬಹುದು. ಅಂಥ ದೊಡ್ಡ ಶಿಕ್ಷೆಗಳನ್ನ ಕಂಡಕ್ಟ್ ಶೀಟಿನಲ್ಲಿ, ಅಂದರೆ ನಡತೆಯ ದಾಖಲೆಯಲ್ಲಿ, ಕೆಂಪು ಶಾಯಿಯಲ್ಲಿ ಬರೀತೀವಿ, ಸಣ್ಣ ಪುಟ್ಟದ್ದನ್ನ ಕಪ್ಪಲ್ಲಿ. ನಾಲ್ಕು ಕೆಂಪು ಆದರೆ ಫೈಲು ಬ್ರಿಗೇಡಿಗೆ ಹೋಗ್ತಿತ್ತು. ನನ್ನ ಟೇಬಲ್ಲಿನ ಮೇಲೆ ಎರಡು ಶಾಯಿ ಬಾಟಲಿ ಇರ್ತಿತ್ತು. ಕೆಂಪು ಬಾಟಲಿ ಮುಚ್ಚಳ ತೆಗೆದರೆ ಹೊರಗೆ ನಿಂತ ಹುಡುಗನ ಮುಖ ನೋಡೋಕೆ ಆಗ್ತಿರಲಿಲ್ಲ.

ದಾರಿ ಆಮೇಲೆ. ಈಗ ತುರ್ತಾಗಿ ಒಂದು ಕೆಲಸ ಇದೆ. ಪೆನ್ಷನ್ ಇಲ್ಲದವರ ಸರ್ವಿಸ್ ದಾಖಲೆಗಳನ್ನ 25 ವರ್ಷ ಇಟ್ಟು ಆಮೇಲೆ ನಾಶ ಮಾಡ್ತಾರೆ, ಆರ್ಮಿ ರೆಗ್ಯುಲೇಷನ್ನಿನ 595ನೇ ಪ್ಯಾರಾ. 2002ಕ್ಕೆ 25 ಕೂಡಿಸು. 2027ರ ಜೂನ್ ಆದಮೇಲೆ ನೀನು ಯಾವ ವಕೀಲರನ್ನ ಹಿಡಿದರೂ ಬರೋ ಉತ್ತರ ಒಂದೇ: ಕಾಗದ ಸುಟ್ಟಿದ್ದೇವೆ. ಆದ್ದರಿಂದ ನಾಳೆಯೇ ಸೈನಿಕರ ಸರ್ವಿಸ್ ಕಡತ ಇಡೋ ರೆಕಾರ್ಡ್ ಆಫೀಸಿಗೆ ಆರ್‌ಟಿಐ ಹಾಕು. 10 ರೂಪಾಯಿ ಪೋಸ್ಟಲ್ ಆರ್ಡರ್. ಅರ್ಜಿ ತಂದೆಯ ಹೆಸರಲ್ಲೇ ಇರಲಿ, ಅವರೇ ಸಹಿ ಮಾಡಲಿ. ನಿನ್ನ ಹೆಸರಲ್ಲಿ ಹಾಕಿದರೆ ಮೂರನೆಯವರ ಮಾಹಿತಿ ಅಂತ ವಾಪಸ್ ಕಳಿಸ್ತಾರೆ.

ಏನೇನು ಕೇಳಬೇಕು ಅಂದರೆ: ಶೀಟ್ ರೋಲ್ (ಸೇವೆಯ ವಿವರದ ದಾಖಲೆ), ಕಂಡಕ್ಟ್ ಶೀಟ್, ಶೋಕಾಸ್ ನೋಟಿಸ್, ಅದಕ್ಕೆ ಅವರು ಕೊಟ್ಟ ಉತ್ತರ, ಡಿಸ್ಚಾರ್ಜ್ ಮಂಜೂರಾದ ಆದೇಶ, ಮತ್ತು ‘ಪ್ರಿಲಿಮಿನರಿ ಎನ್‌ಕ್ವೈರಿ’ಯ ವರದಿ. ಕೊನೆಯದು, ಅಂದರೆ ಹೊರಹಾಕೋ ಮೊದಲು ಮಾಡಬೇಕಾದ ಪ್ರಾಥಮಿಕ ವಿಚಾರಣೆಯದ್ದು, ಅದನ್ನ ಮರೀಬೇಡ. ಇಡೀ ಕೇಸು ಅದರ ಮೇಲೆ ನಿಲ್ಲುತ್ತೆ.

ಪೊನ್ನಂಪೇಟೆ

ಕಹಿ ಅನ್ನಿಸಬಹುದು, ಆದರೂ ಹೇಳಿಬಿಡುತ್ತೇನೆ. ನಾನು ಕಂಪನಿ ಕಮಾಂಡ್ ಮಾಡಿದವನು. ನಾಲ್ಕು ರೆಡ್ ಇಂಕ್ ಅಂದರೆ ನಾಲ್ಕು ಅವಕಾಶ ಕೊಟ್ಟಾಗಿದೆ ಅಂತ ಅರ್ಥ.

ರಜೆ ಮುಗಿದ ಮೇಲೆ ಒಬ್ಬ ಬರದಿದ್ದರೆ ಏನಾಗುತ್ತದೆ ಅಂತ ಹೊರಗಿನವರಿಗೆ ಗೊತ್ತಿಲ್ಲ. ಪೋಸ್ಟಿನಲ್ಲಿ ತಲೆ ಎಣಿಸಿ ರಜೆ ಕೊಡುವುದು. ಒಬ್ಬ ಬಂದರೆ ಮಾತ್ರ ಇನ್ನೊಬ್ಬ ಹೊರಡಬಹುದು. ಇವನು 20 ದಿನ ತಡ ಮಾಡಿದರೆ ಅಲ್ಲಿ ರಜೆ ಚೀಟಿ ಕೈಯಲ್ಲಿ ಹಿಡಿದುಕೊಂಡ ಇನ್ನೊಬ್ಬ 20 ದಿನ ಕಾಯುತ್ತಾನೆ. ಅವನ ಮನೆಯಲ್ಲೂ ಮದುವೆ ಇತ್ತು, ಅವನ ತಾಯಿಗೂ ಹುಷಾರಿರಲಿಲ್ಲ. ಆ ಹುಡುಗನ ಮಗಳು ಇಲ್ಲಿ ಬಂದು ಬರೆಯುವುದಿಲ್ಲ, ಏಕೆಂದರೆ ಅವನ ಪುಸ್ತಕದಲ್ಲಿ ಏನೂ ದಾಖಲಾಗಿಲ್ಲ.

ನಿಮ್ಮ ತಂದೆಯ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಅವರನ್ನು ಜರೆಯುತ್ತಿಲ್ಲ. ಆದರೆ ಇಂಥ ಚರ್ಚೆಗಳಲ್ಲಿ ಯಾವಾಗಲೂ ಆಫೀಸರು ಕಟುಕ, ಜವಾನ ಬಡಪಾಯಿ ಅಂತಲೇ ಶುರುವಾಗುತ್ತದೆ. ಅದಕ್ಕೆ ಹೇಳಿದೆ.

ಮಂಡ್ಯ ಎಕ್ಸ್‌ಪ್ರೆಸ್

ಸ್ವಲ್ಪ ವಿಷಯಾಂತರ. ಕ್ಯಾಂಟೀನಲ್ಲಿ ಕಾರ್ ತಗೊಳ್ಳೋಕೆ ಹವಾಲ್ದಾರ್ ರ್‍ಯಾಂಕಿಗೆ ಎಷ್ಟು ಲಿಮಿಟ್ ಇದೆ ಯಾರಿಗಾದ್ರೂ ಗೊತ್ತಾ?

ನಿರ್ವಾಹಕರು

ಕಾರಿನ ಪ್ರಶ್ನೆಗೆ ಬೇರೆ ಎಳೆ ಇದೆ, ಅಲ್ಲಿ ಕೇಳಿ. ಎಲ್ಲರಿಗೂ ಒಂದು ಮಾತು: ಯೂನಿಟ್ ಹೆಸರು, ಆರ್ಮಿ ನಂಬರು, ಅಧಿಕಾರಿಗಳ ಹೆಸರು ಇಲ್ಲಿ ಬರೆಯಬೇಡಿ. ಡಿಸ್ಚಾರ್ಜ್ ಬುಕ್ಕಿನ ಫೋಟೊ ಸಹ ಹಾಕಬೇಡಿ. ಪೊನ್ನಂಪೇಟೆಯವರ ಮಾತಿಗೆ ಬಂದ ಮೂರು ಉತ್ತರಗಳನ್ನು ತೆಗೆದಿದ್ದೇನೆ. ಒಪ್ಪದಿದ್ದರೆ ವಾದ ಮಾಡಿ, ಬೈಯಬೇಡಿ.

ಕಪ್ಪು ಕೋಟು

ಹೆಡ್‌ಕ್ಲರ್ಕ್ ಸಾಹೇಬರು ಅರ್ಧ ಕೆಲಸ ಮುಗಿಸಿದ್ದಾರೆ. ಕಾನೂನಿನ ಭಾಗ ನಾನು ಹೇಳುತ್ತೇನೆ. ಕಾಗದ ನೋಡದೆ ಹೇಳುವ ಮಾತಿದು, ಸಲಹೆ ಅಂತ ತಿಳಿಯಬೇಡಿ.

ನಾಲ್ಕು ಕೆಂಪು ಬಂದಕೂಡಲೇ ಮನೆಗೆ ಕಳಿಸಲೇಬೇಕು ಅಂತ ಯಾವ ಕಾನೂನಿನಲ್ಲೂ ಇಲ್ಲ. ಸೇನಾ ಮುಖ್ಯಾಲಯವೇ 1988ರ ಡಿಸೆಂಬರ್ 28ರಂದು ಒಂದು ಪತ್ರ ಹೊರಡಿಸಿತ್ತು. ಮೊದಲು ಪಕ್ಷಪಾತವಿಲ್ಲದ ಪ್ರಾಥಮಿಕ ವಿಚಾರಣೆ ಮಾಡಿ, ಪ್ರತಿ ಎಂಟ್ರಿ ಯಾವ ತಪ್ಪಿಗೆ ಬಂತು ನೋಡಿ, ಎಷ್ಟು ವರ್ಷ ಸೇವೆ ಮಾಡಿದ, ಎಂಥ ಕಷ್ಟದ ಜಾಗದಲ್ಲಿ ಇದ್ದ ಅನ್ನುವುದನ್ನು ಗಮನಿಸಿ, ಪೆನ್ಷನ್‌ಗೆ ಹತ್ತಿರ ಬಂದವನ ಮೇಲೆ ಕಠಿಣವಾಗಬೇಡಿ, ತೀರಾ ಅಗತ್ಯ ಬಿದ್ದರೆ ಮಾತ್ರ ಡಿಸ್ಚಾರ್ಜ್ ಮಾಡಿ ಎಂಬುದು ಅದರ ಸಾರ.

ಸುಪ್ರೀಂ ಕೋರ್ಟಿನಲ್ಲಿ ಇದು 2015ರ ಅಕ್ಟೋಬರ್‌ನಲ್ಲಿ ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ತೀರ್ಮಾನವಾಯಿತು. ಆತ ತೋಪಖಾನೆಯ ಗನ್ನರ್. 1980ರಲ್ಲಿ ಸೇರಿ 1992ರಲ್ಲಿ ನಾಲ್ಕು ಕೆಂಪು ಎಂಟ್ರಿಗಾಗಿ ಹೊರಬಿದ್ದವನು. ಶೋಕಾಸ್ ನೋಟಿಸ್ ಕೊಟ್ಟಿದ್ದರು, ವಿಚಾರಣೆ ಮಾಡಿರಲಿಲ್ಲ. 1988ರ ಕಾರ್ಯವಿಧಾನವನ್ನು ಬಿಟ್ಟು ಯಾಂತ್ರಿಕವಾಗಿ ಹೊರಹಾಕುವ ಹಾಗಿಲ್ಲ ಎಂದು ಕೋರ್ಟು ಡಿಸ್ಚಾರ್ಜ್ ರದ್ದು ಮಾಡಿತು. ಪೆನ್ಷನ್ ಅರ್ಹತೆ ತುಂಬುವವರೆಗೆ ಸೇವೆಯಲ್ಲೇ ಇದ್ದನೆಂದು ಭಾವಿಸಿ, ಹಿಂಬಾಕಿ ಸಂಬಳ ಇಲ್ಲ, ಪೆನ್ಷನ್ ಕೊಡಿ ಎಂದಿತು. ನಿಮ್ಮ ತಂದೆಯ ಕತೆಗೆ ಇದು ಹತ್ತಿರ.

ಈಗ ನಾಣ್ಯದ ಇನ್ನೊಂದು ಮುಖ. 2019ರಲ್ಲಿ ಸತ್‌ಗುರ್ ಸಿಂಗ್ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು, ಪದೇ ಪದೇ ರಜೆ ಮೀರಿದವನ ಡಿಸ್ಚಾರ್ಜನ್ನು ಎತ್ತಿ ಹಿಡಿಯಿತು. 2023ರಲ್ಲಿ ಮದನ್ ಪ್ರಸಾದ್ ಪ್ರಕರಣದಲ್ಲಿ 108 ದಿನ ರಜೆ ಮೀರಿದ ಸಿಪಾಯಿಯ ವಜಾ ಸರಿ ಎಂದಿತು. ಅಲ್ಲಿ ಕೋರ್ಟು ಹೇಳಿದ್ದು ಪೊನ್ನಂಪೇಟೆಯವರು ಹೇಳಿದ್ದಕ್ಕಿಂತ ಬಹಳ ಬೇರೆಯೇನಲ್ಲ.

ಆದ್ದರಿಂದ ಪ್ರಶ್ನೆ ಎರಡು. ವಿಚಾರಣೆ ಆಗಿತ್ತೇ? ಮತ್ತು ಆ ನಾಲ್ಕು ಎಂಟ್ರಿಗಳು ಯಾವುವು?

ಡಲ್ಲಾಸ್ ರಾಯರು

ಇಲ್ಲಿ ಅಮೆರಿಕದಲ್ಲಿ ಇದಕ್ಕೊಂದು ಪ್ರತ್ಯೇಕ ವ್ಯವಸ್ಥೆಯೇ ಇದೆ, ಹೋಲಿಕೆಗೆ ಬರೆಯುತ್ತಿದ್ದೇನೆ. ನನ್ನ ಜೊತೆ ಕೆಲಸ ಮಾಡುವ ಒಬ್ಬ ಇರಾಕ್‌ಗೆ ಹೋಗಿ ಬಂದವನು. ಅವನ ಕಾಗದಪತ್ರ ತುಂಬುವಾಗ ಪಕ್ಕದಲ್ಲಿ ಕೂತು ಕಲಿತದ್ದು.

ಸೈನ್ಯ ಬಿಡುವಾಗ ಡಿಡಿ 214 ಅಂತ ಒಂದು ಫಾರಂ ಕೊಡುತ್ತಾರೆ. ಅದರಲ್ಲಿ ಬಿಡುಗಡೆಗೆ ದರ್ಜೆ ಬರೆದಿರುತ್ತದೆ. ಆನರಬಲ್, ಅದರ ಕೆಳಗೆ ಜನರಲ್, ಅದರ ಕೆಳಗೆ ‘ಅದರ್ ದ್ಯಾನ್ ಆನರಬಲ್’. ಬ್ಯಾಡ್ ಕಂಡಕ್ಟ್ ಮತ್ತು ಡಿಸಾನರಬಲ್ ಕೋರ್ಟ್ ಮಾರ್ಷಲ್‌ನಿಂದ ಬರುವಂಥವು. ನನ್ನ ಸಹೋದ್ಯೋಗಿಯದು ಜನರಲ್. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಆದರೆ ಸೈನಿಕರ ಓದಿಗೆ ಸರ್ಕಾರ ಕೊಡುವ ಜಿಐ ಬಿಲ್ ದುಡ್ಡಿನಲ್ಲಿ ಕಾಲೇಜು ಓದಬೇಕಾದರೆ ಆನರಬಲ್ಲೇ ಆಗಿರಬೇಕು. ಒಂದು ಮೆಟ್ಟಿಲು ಕೆಳಗಿದ್ದ, ಕಾಲೇಜು ತಪ್ಪಿತು.

ಈ ದರ್ಜೆ ಏರಿಸಿ ಅಂತ ಕೇಳುವುದಕ್ಕೆ ಪ್ರತಿ ಪಡೆಗೂ ಡಿಸ್ಚಾರ್ಜ್ ರಿವ್ಯೂ ಬೋರ್ಡ್ ಇದೆ. ಹೊರಬಂದು 15 ವರ್ಷದೊಳಗೆ ಡಿಡಿ 293 ಫಾರಂ ಹಾಕಬೇಕು. ದಾಟಿದರೆ ದಾಖಲೆ ತಿದ್ದುವ ಇನ್ನೊಂದು ಬೋರ್ಡು, ಅದಕ್ಕೆ ಡಿಡಿ 149. ವಿಯೆಟ್ನಾಂನಿಂದ ಬಂದ ಎಷ್ಟೋ ಜನರ ತಲೆ ಒಳಗೆ ಯುದ್ಧ ಮುಗಿದೇ ಇರಲಿಲ್ಲ. ಕುಡಿತ, ಗೈರುಹಾಜರಿ, ಜಗಳ. ಆಗ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಎಂಬ ಹೆಸರೇ ವೈದ್ಯರ ಪುಸ್ತಕದಲ್ಲಿರಲಿಲ್ಲ, 1980ರಲ್ಲಿ ಸೇರಿತು. ಅವರೆಲ್ಲ ಕೆಟ್ಟ ದರ್ಜೆ ಹೊತ್ತು ಮುದುಕರಾದರು. 2014ರ ಸೆಪ್ಟೆಂಬರ್‌ನಲ್ಲಿ ಆಗಿನ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್, ಇಂಥ ಅರ್ಜಿಗಳನ್ನು ಉದಾರವಾಗಿ ನೋಡಿ ಅಂತ ಬೋರ್ಡುಗಳಿಗೆ ಸೂಚಿಸಿದರು. 2017ರಲ್ಲಿ ಇದನ್ನು ತಲೆಗೆ ಬಿದ್ದ ಪೆಟ್ಟು, ಲೈಂಗಿಕ ದೌರ್ಜನ್ಯ ಇವಕ್ಕೂ ಬಿಡಿಸಿ ಹೇಳಿದರು. ಸಲಿಂಗಿಗಳೆಂಬ ಕಾರಣಕ್ಕೆ ಹೊರಹಾಕಿದವರ ಕಡತಗಳನ್ನು ಅರ್ಜಿ ಇಲ್ಲದೆಯೇ ತೆರೆದು ನೋಡಿ, 2024ರ ಅಕ್ಟೋಬರ್‌ನಲ್ಲಿ 800ಕ್ಕೂ ಹೆಚ್ಚು ಜನರ ದರ್ಜೆ ಏರಿಸಿದ್ದಾಗಿ ಪೆಂಟಗನ್ ಹೇಳಿತು.

ನನ್ನ ಸ್ನೇಹಿತನಿಗೆ ಸಿಕ್ಕಿತು. ಒಂದೂವರೆ ವರ್ಷ ಹಿಡಿಯಿತು. ನಮ್ಮಲ್ಲಿ ಇಂಥ ಬೋರ್ಡ್ ಇಲ್ಲವೇ?

ನಿವೃತ್ತ ಹೆಡ್‌ಕ್ಲರ್ಕ್

ರಾಯರೇ, ನಮ್ಮಲ್ಲಿ ಹಾಗೆ ಮೆಟ್ಟಿಲು ಏರಿಸೋ ಬೋರ್ಡ್ ಇಲ್ಲ. ನಮ್ಮ ಬುಕ್ಕಲ್ಲಿ ಎರಡು ಕಾಲಂ: ಒಂದು ಕಾರಣ, ಒಂದು ಕ್ಯಾರೆಕ್ಟರ್. ಕ್ಯಾರೆಕ್ಟರಿಗೆ ಎಕ್ಸೆಂಪ್ಲರಿ, ವೆರಿ ಗುಡ್, ಗುಡ್, ಫೇರ್ ಅಂತ ಬರೀತಾರೆ. ಅನ್‌ಡಿಸೈರಬಲ್ ಅಂತ ಕಾರಣ ಬರೆದು ಕ್ಯಾರೆಕ್ಟರ್ ‘ಗುಡ್’ ಅಂತ ಬರೆದ ಬುಕ್ಕನ್ನೂ ನಾನು ನೋಡಿದ್ದೀನಿ, ನಗು ಬರುತ್ತೆ. ಬೇಡವಾದವನು, ಆದರೆ ಒಳ್ಳೆಯವನು!

ತಂಗೀ, ನಿಮ್ಮ ತಂದೆಯದ್ದರಲ್ಲಿ ಕ್ಯಾರೆಕ್ಟರ್ ಏನಿದೆ?

ಬೈಲಹೊಂಗಲದಾಕಿ

ಈಗ ನೋಡಿದೆ ಸರ್. ‘ಗುಡ್’ ಅಂತ ಐತಿ. ಸಿಯಾಚಿನ್ ಗ್ಲೇಸಿಯರ್ ಮೆಡಲ್, ಆಪರೇಷನ್ ವಿಜಯ್ (ಕಾರ್ಗಿಲ್) ಮೆಡಲ್ ಅಂತಾನೂ ಬರದೈತಿ. ಮೆಡಲ್ ಎಲ್ಲಿ ಅದಾವ ಅಂತ ಅವ್ವನ್ನ ಕೇಳಿದೆ, ಹಿಟ್ಟಿನ ಡಬ್ಬಿ ಹಿಂದ ಒಂದು ಅರಿವ್ಯಾಗ ಕಟ್ಟಿ ಇಟ್ಟಾಳ.

ಪೊನ್ನಂಪೇಟೆ ಸರ್, ನೀವು ಹೇಳಿದ್ದು ನನಗ ಸಿಟ್ಟ ಬರ್ಲಿಲ್ಲ. ಅಪ್ಪಗ ಓದಿ ಹೇಳಿದೆ. ‘ಖರೇ ಐತಿ’ ಅಂದ್ರು. ಅವ್ರು ತಡಾ ಮಾಡಿದ್ದಕ್ಕ ಮಧುರೈ ಕಡೆಯವ ಒಬ್ಬ ತಂಗಿ ಮದುವಿಗೆ ಹೋಗಾಕ ಆಗ್ಲಿಲ್ಲಂತ. ವಾಪಸ್ ಹೋದ ಮ್ಯಾಲ ಅವನ ಪಕ್ಕದ ಚಾರ್ಪಾಯಿ ಮ್ಯಾಲ ಮಲಗೂದು 28 ದಿನದ ಶಿಕ್ಷೆಗಿಂತ ಕಠಿಣ ಆಗಿತ್ತಂತ.

ನಾಲ್ಕು ಎಂಟ್ರಿ ಯಾವುವು ಅಂತ ಕೇಳಿದ್ರಿ. ನಿನ್ನೆ ರಾತ್ರಿ ಊಟಾ ಆದ ಮ್ಯಾಲ ತಾವ ಹೇಳಿದ್ರು. 1994, ಅತ್ತಿ ಮದುವಿ, 12 ದಿನ ತಡಾ. 1997, ಗ್ಲೇಸಿಯರ್‌ನಿಂದ ಕೆಳಗ ಬಂದ ಮ್ಯಾಲ ಕುಡದು ಲೈನಿನ್ಯಾಗ ಗದ್ದಲಾ ಮಾಡಿದ್ದು. 1999ರ ಡಿಸೆಂಬರ್, ಅಜ್ಜ ತೀರಿಕೊಂಡಾಗ, 23 ದಿನ. ಆ ವರ್ಷ ಬ್ಯಾಸಗಿ ಪೂರಾ ದ್ರಾಸ್ ರಸ್ತೆದಾಗ ಗುಂಡು ಮದ್ದು ಹೇರಿದ ಗಾಡಿ ಹೊಡದಿದ್ರು, ರಾತ್ರಿ, ಹೆಡ್‌ಲೈಟ್ ಹಚ್ಚಲಾರದ. ಹೆಡ್‌ಲೈಟ್ ಹಚ್ಚಿದ್ರ ಮ್ಯಾಲಿನಿಂದ ಶೆಲ್ ಬೀಳ್ತಿದ್ವಂತ. ಈಗೂ ನಮ್ಮೂರ ರಸ್ತೆದಾಗ ರಾತ್ರಿ ಟ್ರ್ಯಾಕ್ಟರ್ ಹೊಡಿಯೂ ಮುಂದ ಲೈಟ್ ಆರಿಸಿಬಿಡ್ತಾರ, ನಾವು ಬೈತೀವಿ.

ನಾಲ್ಕನೇದು 2001. 38 ದಿನ. ಯಾಕ ಅಂದ್ರ ಹೇಳ್ಲಿಲ್ಲ, ಎದ್ದು ಹೋದ್ರು.

ಗದಗ ಸಿಗ್ನಲ್

ತಂಗಿ, ಒಂದ ಮಾತ ಕೇಳ್ತೀನಿ, ತಪ್ಪ ತಿಳೀಬ್ಯಾಡ. ನಿಮ್ಮಪ್ಪಗ ರಾತ್ರಿ ನಿದ್ದಿ ಹೆಂಗದ?

ನಾನು ಸಿಗ್ನಲ್ಸ್. ನನ್ನ ಮೆಡಿಕಲ್ ಬೋರ್ಡ್ ಮಾಡಿ ಮನಿಗಿ ಕಳಿಸ್ಯಾರ. ಕಾಗದದಾಗ ‘ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ’ ಅಂತ ಒಂದು ಸಾಲು. ಭರ್ತಿ ಆಗುಮುಂದ ಎದಿ ಅಳದು, ಕಣ್ಣು ನೋಡಿ, ಓಡಿಸಿ, ಎಲ್ಲಾ ಛಲೋ ಅಂತ ಬರಕೊಂಡವರು ಅವರ. ಹತ್ತು ವರ್ಷ ಆದಮ್ಯಾಗ ಇದು ಹುಟ್ಟಿನಿಂದ ಇದ್ದ ಜಡ್ಡು ಅಂದವರೂ ಅವರ.

ಆಮ್ಯಾಲ 2013ರಾಗ ಧರಮ್‌ವೀರ್ ಸಿಂಗ್ ತೀರ್ಪು ಬಂತು. ಅವನೂ ನಮ್ಮ ಸಿಗ್ನಲ್ಸ್‌ನವನ, 1985ಕ್ಕ ಸೇರಿ 1994ಕ್ಕ ಫಿಟ್ಸ್ ಅಂತ ಹೊರಗ ಬಂದಾವ. ಭರ್ತಿ ಟೈಮಿನ್ಯಾಗ ಜಡ್ಡಿನ ಬಗ್ಗೆ ಏನೂ ಬರದಿಲ್ಲ ಅಂದ್ರ ಅದು ಸೇವೆಯಾಗ ಬಂದದ್ದು ಅಂತ ತಿಳೀಬೇಕು, ಅಲ್ಲ ಅಂತ ರುಜುವಾತು ಮಾಡೂದು ಸರ್ಕಾರದ ಕೆಲಸ ಅಂತ ಕೋರ್ಟ್ ಹೇಳ್ತು. ಅದನ್ನ ಹಿಡಕೊಂಡು ನಾನೂ ಮಿಲ್ಟ್ರಿ ಕೇಸ್ ನೋಡೂ ಟ್ರಿಬ್ಯುನಲ್‌ಗೆ ಹೋದೆ. ಸಿಕ್ತು. ಮೊದಲನೇ ಪೆನ್ಷನ್ ಬಂದ ದಿನ ಬ್ಯಾಂಕಿನ್ಯಾಗ ಕುಂತು ಪಾಸ್‌ಬುಕ್ ಮೂರ ಸಲ ಎಂಟ್ರಿ ಹಾಕಸೀನಿ.

ನಿಮ್ಮಪ್ಪಂದು ಮೆಡಿಕಲ್ ಕೇಸ್ ಅಲ್ಲ, ಗೊತ್ತದ. ಆದ್ರ ಗ್ಲೇಸಿಯರ್ ಆದಮ್ಯಾಗ ಕುಡಿಯೂದು ಶುರು ಆತು, ಕಾರ್ಗಿಲ್ ಆದಮ್ಯಾಗ ಊರಿಂದ ವಾಪಸ್ ಹೋಗಾಕ ಕಾಲ ಬರವಲ್ವು. ಇದನ್ನ ರಾಯರ ಅಮೆರಿಕಾದಾಗ ಬೋರ್ಡಿನವರು ಕೇಳ್ತಾರ. ನಮ್ಮಲ್ಲಿ ಕಂಡಕ್ಟ್ ಶೀಟಿನ್ಯಾಗ ತಾರೀಖು ಅಷ್ಟ ಇರ್ತಾವ.

ಕಪ್ಪು ಕೋಟು

ಗದಗದವರು ಹೇಳಿದ್ದು ಮುಖ್ಯ. ವೈದ್ಯಕೀಯ ಕಾಗದ ಇಲ್ಲದೆ ಅಂಗವಿಕಲತೆ ಪೆನ್ಷನ್ ಕೇಳಲು ಈಗ ತಡವಾಗಿದೆ, ಅದನ್ನು ಬಿಡೋಣ. ಆದರೆ ಗ್ಲೇಸಿಯರ್ ಮತ್ತು ಕಾರ್ಗಿಲ್ ಎರಡೂ 1988ರ ಪತ್ರದ ‘ಕಷ್ಟದ ಜಾಗ’ ಅನ್ನುವ ಮಾತಿಗೆ ನೇರವಾಗಿ ಸೇರುತ್ತವೆ. ಎರಡು ಮೆಡಲ್ ಅಂದರೆ ಎರಡು ಸಾಕ್ಷಿ. ಹಿಟ್ಟಿನ ಡಬ್ಬಿಯ ಹಿಂದಿನಿಂದ ಹೊರಗೆ ತೆಗೆಯಿರಿ.

ಈಗ ಎಲ್ಲಕ್ಕಿಂತ ತೊಡಕಿನ ವಿಷಯ, ತಡ. ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಅಂದರೆ ಗದಗದವರು ಹೇಳಿದ ಟ್ರಿಬ್ಯುನಲ್, 2007ರ ಕಾಯ್ದೆಯಡಿ ಹುಟ್ಟಿ 2009ರಲ್ಲಿ ಕೆಲಸ ಶುರು ಮಾಡಿತು. ಅಂತಿಮ ಆದೇಶವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಡವಾದರೆ ಕಾರಣ ತೋರಿಸಿ ಮನ್ನಿಸಿ ಅಂತ ಕೇಳಬೇಕು. ನಿಮ್ಮದು 23 ವರ್ಷ.

ಇಲ್ಲೊಂದು ವಿಚಿತ್ರ ಇದೆ. ನಿಮ್ಮ ತಂದೆ ‘ರೊಕ್ಕ ಬೇಡ, ಪದ ಅಳಿಸಿ’ ಅಂದರು. ಕಾನೂನಿಗೆ ಆ ಭಾಷೆ ಅರ್ಥವಾಗುವುದಿಲ್ಲ. ಡಿಸ್ಚಾರ್ಜ್ ಎಂಬುದು 2002ರಲ್ಲಿ ಒಂದು ದಿನ ನಡೆದು ಮುಗಿದ ಸಂಗತಿ. ಅದರಲ್ಲಿನ ಪದ ಮಾತ್ರ ಬದಲಿಸಿ ಅಂತ ಹೋದರೆ, ಇಷ್ಟು ದಿನ ಎಲ್ಲಿದ್ದಿರಿ ಎಂಬ ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತೀರಿ. ಪೆನ್ಷನ್ ಹಾಗಲ್ಲ, ಅದು ತಿಂಗಳು ತಿಂಗಳು ಬಾಕಿ ಬೀಳುವ ಹಕ್ಕು. 2008ರ ತರ್‌ಸೇಮ್ ಸಿಂಗ್ ಪ್ರಕರಣದಲ್ಲಿ, 1983ರಲ್ಲಿ ಹೊರಬಂದವನು 16 ವರ್ಷ ತಡವಾಗಿ ಕೋರ್ಟಿಗೆ ಬಂದಿದ್ದ. ಮುಂದುವರಿಯುತ್ತಲೇ ಇರುವ ಅನ್ಯಾಯವಾದರೆ ತಡವಾದರೂ ಕೇಳಬಹುದು, ಆದರೆ ಹಿಂಬಾಕಿ ಅರ್ಜಿಗೆ ಹಿಂದಿನ ಮೂರು ವರ್ಷದ್ದು ಮಾತ್ರ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಅಂದರೆ ಆ ಪದ ಹೋಗಬೇಕಾದರೆ ಡಿಸ್ಚಾರ್ಜ್ ಆದೇಶವೇ ಬೀಳಬೇಕು. ಅಷ್ಟು ಹಳೆಯ ಆದೇಶವನ್ನು ಮುಟ್ಟಬೇಕಾದರೆ ಪೆನ್ಷನ್ ಕೇಳಲೇಬೇಕು. ಬೇಡ ಅನ್ನುವ ದುಡ್ಡಿಗೇ ಅರ್ಜಿ ಹಾಕಿದರೆ ಮಾತ್ರ, ಬೇಕು ಅನ್ನುವ ಮರ್ಯಾದೆಯ ಮಾತು ಕೋರ್ಟಿನ ಕಿವಿಗೆ ಬೀಳುತ್ತದೆ. ಆಗಲೂ ಎದುರು ಪಕ್ಷದವರು ‘ಅವರ ಪೆನ್ಷನ್ ಹಕ್ಕೇ ಹುಟ್ಟಿಲ್ಲ, ಇದು ಪೆನ್ಷನ್ ಕೇಸಲ್ಲ’ ಅಂತ ವಾದಿಸುತ್ತಾರೆ. ಅದು ದುರ್ಬಲ ವಾದವಲ್ಲ. ಗೆದ್ದೇ ಗೆಲ್ಲುತ್ತೀರಿ ಅಂತ ಯಾರಾದರೂ ಹೇಳಿದರೆ ಅವರಿಗೆ ಫೀಸು ಕೊಡಬೇಡಿ.

ತುಂಗಾತೀರ

ಸರ್, ನ್ಯಾಯಮಂಡಳಿ ಬೆಂಗಳೂರಲ್ಲೇ ಇದೆಯಾ? ನಮ್ಮ ಚಿಕ್ಕಪ್ಪಂದೂ ಒಂದು ಇದೇ ಥರದ್ದು ಇದೆ, 14 ವರ್ಷ 3 ತಿಂಗಳಿಗೆ ಬಂದಿದ್ದಾರೆ.

ಕಪ್ಪು ಕೋಟು

ಬೆಂಗಳೂರಿನಲ್ಲಿ ಖಾಯಂ ಪೀಠ ಇಲ್ಲ. ದಕ್ಷಿಣದಲ್ಲಿ ಚೆನ್ನೈ, ಕೊಚ್ಚಿ. ಪ್ರಧಾನ ಪೀಠ ದೆಹಲಿ. ಅಲ್ಲಿ ಸೋತರೆ ಹೈಕೋರ್ಟಿಗೆ ಹೋಗುವ ದಾರಿ ಕೆಲವು ವರ್ಷ ಬಹುತೇಕ ಮುಚ್ಚಿತ್ತು, 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟೇ ಮತ್ತೆ ತೆರೆಯಿತು.

ನಿಮ್ಮ ಚಿಕ್ಕಪ್ಪನದು ಬೇರೆ ಥರ ಇರಬಹುದು. ಸಿಪಾಯಿಗೆ ಪೆನ್ಷನ್‌ಗೆ 15 ವರ್ಷ ಬೇಕು, ಒಂದು ವರ್ಷದವರೆಗಿನ ಕೊರತೆ ಮನ್ನಿಸುವ ಅಧಿಕಾರ ಇಲಾಖೆಗೇ ಇದೆ. ಯಾವ ಕಾರಣಕ್ಕೆ ಬಂದರು ಎಂಬುದರ ಮೇಲೆ ಹೋಗುತ್ತದೆ. ಮೊದಲು ರೆಕಾರ್ಡ್ ಆಫೀಸಿಗೆ ಬರೆಯಿರಿ. ಹೊಸ ಎಳೆ ಶುರು ಮಾಡಿ, ಇಲ್ಲಿ ಬೆರೆಸುವುದು ಬೇಡ.

ಪೊನ್ನಂಪೇಟೆ

ನನ್ನ ಅಭಿಪ್ರಾಯ ಬದಲಾಗಿಲ್ಲ. 38 ದಿನ ಅಂದರೆ 38 ದಿನವೇ. 30 ದಿನ ದಾಟಿದರೆ ಸೈನ್ಯದೊಳಗಿನ ತನಿಖಾ ಮಂಡಳಿ, ಅಂದರೆ ಕೋರ್ಟ್ ಆಫ್ ಎನ್‌ಕ್ವೈರಿ ಕೂರಿಸಿ ಗೈರುಹಾಜರಿ ಘೋಷಿಸಬಹುದು, ಅಷ್ಟು ದೊಡ್ಡ ವಿಷಯ ಅದು.

ಆದರೆ 1988ರ ಆ ಪತ್ರ ನಾನೂ ಓದಿದ್ದೇನೆ, ಅದನ್ನು ಯೂನಿಟ್ಟುಗಳಲ್ಲಿ ಹೇಗೆ ಪಾಲಿಸುತ್ತಿದ್ದರು ಅಂತಲೂ ಗೊತ್ತು. ಸ್ಥಳ ಬದಲಾಗುವ ಮುಂಚೆ ‘ತಲೆನೋವುಗಳನ್ನು’ ಕಳಚಿಕೊಳ್ಳುವ ಅಭ್ಯಾಸ ಇತ್ತು. ಅಂಥ ವೇಳೆ ವಿಚಾರಣೆ ಅಂದರೆ ಒಂದು ಪುಟ, ಒಂದೇ ಮಧ್ಯಾಹ್ನ. ಕೆಲವೊಮ್ಮೆ ಅದೂ ಇಲ್ಲ. ನಿಮ್ಮ ತಂದೆಯ ಶೋಕಾಸ್ ನೋಟಿಸಿನ ತಾರೀಖು, ಉತ್ತರ ಕೊಟ್ಟ ತಾರೀಖು, ಮಂಜೂರಾದ ತಾರೀಖು, ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ವಾರದಲ್ಲಿ ಮುಗಿದಿದ್ದರೆ ಯಾರೂ ಏನೂ ಯೋಚಿಸಿಲ್ಲ ಎಂದೇ ಲೆಕ್ಕ. ಕಪ್ಪು ಕೋಟಿನವರಿಗೆ ಅದು ಉಪಯೋಗಕ್ಕೆ ಬರುತ್ತದೆ.

ಟ್ರ್ಯಾಕ್ಟರಿಗೆ ಹಿಂದೆ ರಿಫ್ಲೆಕ್ಟರ್ ಹಚ್ಚಿಸಿ.

ಬೈಲಹೊಂಗಲದಾಕಿ (ಏಳು ವಾರದ ನಂತರ)

ಎಲ್ಲಾರಿಗೂ ನಮಸ್ಕಾರ. ಆರ್‌ಟಿಐ ಉತ್ತರ ಬಂದೈತಿ. ಹೆಡ್‌ಕ್ಲರ್ಕ್ ಸರ್ ಹೇಳಿದಂಗ ಅಪ್ಪನ ಹೆಸರ್ಲೆ ಹಾಕಿದ್ವಿ. ಮೊದಲ ಪುಟಕ್ಕಿಷ್ಟು ಅಂತ ರೊಕ್ಕ ಕಟ್ಟಾಕ ಪತ್ರ ಕಳಿಸಿದ್ರು, ಕಟ್ಟಿದ ಮ್ಯಾಲ 31 ಪುಟ ಬಂದ್ವು. ಕಂಡಕ್ಟ್ ಶೀಟ್ ಝೆರಾಕ್ಸ್ ಆದ್ದರಿಂದ ಕೆಂಪೂ ಕರೇನ ಕಾಣತೈತಿ.

ಪೊನ್ನಂಪೇಟೆ ಸರ್, ನೀವು ಹೇಳಿದ ಮೂರು ತಾರೀಖು: ನೋಟಿಸ್ 2002ರ ಮೇ 6, ಉತ್ತರ ಮೇ 8, ಮಂಜೂರಿ ಮೇ 13. ಅಪ್ಪನ ಉತ್ತರ ಅಂತ ಇರೂದು ಇಂಗ್ಲಿಷಿನ್ಯಾಗ ಟೈಪ್ ಮಾಡಿದ ನಾಲ್ಕು ಸಾಲು, ಕೆಳಗ ಅವ್ರ ಸಹಿ. ‘ಏನ್ ಬರದಿದ್ರು ಅಂತ ಗೊತ್ತಿರ್ಲಿಲ್ಲ, ಸಹಿ ಮಾಡು ಅಂದ್ರು, ಮಾಡಿದೆ’ ಅಂದ್ರು. ಪ್ರಿಲಿಮಿನರಿ ಎನ್‌ಕ್ವೈರಿ ವರದಿ ಅನ್ನೂದಕ್ಕ ‘ದಾಖಲೆಯಲ್ಲಿ ಲಭ್ಯವಿಲ್ಲ’ ಅಂತ ಉತ್ತರ ಕೊಟ್ಟಾರ.

ನಾಲ್ಕನೇ ಎಂಟ್ರಿ ತಾರೀಖು ನೋಡಿದೆ. ರಜಾ ಮುಗದಿದ್ದು 2001ರ ಆಗಸ್ಟ್ 19. ನಾ ಹುಟ್ಟಿದ್ದು ಆಗಸ್ಟ್ 17. ಅವ್ವಗ ಹೆರಿಗಿ ಆದಮ್ಯಾಲ ನಂಜಾಗಿ ಹುಬ್ಬಳ್ಳಿ ದವಾಖಾನ್ಯಾಗ ತಿಂಗಳ ಗಟ್ಟಲೆ ಇದ್ಲಂತ ನನಗ ಗೊತ್ತಿತ್ತು. ಅಪ್ಪ ಆವಾಗ ಅಲ್ಲೇ ಇದ್ರು ಅಂತ ಗೊತ್ತಿತ್ತು. ಇವೆರಡನ್ನೂ ಕೂಡಿಸಿ ನೋಡಿರ್ಲಿಲ್ಲ. ಅವ್ವನ್ನ ಕೇಳಿದೆ, ‘ತಾರ್ ಕೊಟ್ಟಿದ್ರು, ರಜಾ ಹೆಚ್ಚ ಮಾಡ್ರಿ ಅಂತ. ಉತ್ತರಾ ಬರ್ಲಿಲ್ಲ’ ಅಂದ್ಲು.

ಪೆನ್ಷನ್‌ಗೂ ಅರ್ಜಿ ಹಾಕಬೇಕಾಗ್ತೈತಿ ಅಂತ ಅಪ್ಪಗ ಹೇಳೀನಿ. ಎರಡ ದಿನ ಒಪ್ಪಲಿಲ್ಲ. ಈಗ ‘ನಿನಗ ತಿಳದಂಗ ಮಾಡು’ ಅಂದಾರ. ಮೊದಲ ರೆಕಾರ್ಡ್ ಆಫೀಸಿಗೆ ಒಂದು ಮನವಿ ಕಳಿಸಿ ಆರು ತಿಂಗಳ ಕಾಯಬೇಕೇನ್ರಿ, ನೇರ ಟ್ರಿಬ್ಯುನಲ್‌ಗೆ ಹೋಗಬೇಕೇನ್ರಿ?

ಕಪ್ಪು ಕೋಟು

ಮೊದಲು ಮನವಿ. ಇಲಾಖೆಯ ದಾರಿ ಮುಗಿಸದೆ ಬಂದಿರಿ ಅಂತ ವಾಪಸ್ ಕಳಿಸಬಾರದು. ಅವರು ತಿರಸ್ಕರಿಸಿದರೆ ಆ ಪತ್ರ, ಆರು ತಿಂಗಳು ಉತ್ತರ ಬರದಿದ್ದರೆ ಆ ಮೌನ, ಎರಡೂ ನಿಮಗೆ ಕೆಲಸಕ್ಕೆ ಬರುತ್ತವೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ.

2001ರ ಆ ತಾರು ಕೊಟ್ಟ ರಸೀದಿ ಏನಾದರೂ ಇದೆಯೇ? ಇಲ್ಲದಿದ್ದರೆ ಹುಬ್ಬಳ್ಳಿ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ?

ಬೈಲಹೊಂಗಲದಾಕಿ

ತಾರಿನ ರಸೀದಿ ಇಲ್ಲ. ಆಸ್ಪತ್ರಿ ಕಾಗದ ಹುಡಕಾಕತ್ತೀವಿ. ನನ್ನ ಜನ್ಮದಾಖಲೆ ಐತಿ, ನಡೀತೈತೇನ್ರಿ?

ಕಪ್ಪು ಕೋಟು

ನಡೆಯುತ್ತದೆ. ಎರಡು ದೃಢೀಕೃತ ಪ್ರತಿ ಮಾಡಿಸಿ.

ನಿವೃತ್ತ ಹೆಡ್‌ಕ್ಲರ್ಕ್

ಆ 31 ಪುಟದ ಜೊತೆ ಬಂದ ಲಕೋಟೆ ಎಸೆದಿಲ್ಲ ತಾನೆ? ಅದರ ಮೇಲಿನ ಅಂಚೆ ಮುದ್ರೆಯ ತಾರೀಖು ಬೇಕಾಗುತ್ತೆ. ಪಿನ್ ಹೊಡೆದು ಅದನ್ನೂ ಫೈಲಿಗೆ ಹಾಕು, ಮಗಳೇ.